‘ಹೈ’ ಮತ್ತು ‘ಹೂಂ’

ಆ ಹುಡುಗನ ಬೆರಳು ಉಳಿದದ್ದು ಒಂದು ಸೈಜು ದೊಡ್ಡದಾಗಿದ್ದ ಗ್ಲೌಸಿನಿಂದ. ಮಷೀನಿನಲ್ಲಿ ಭಾಗವನ್ನು ಅದುಮಿ ಹಿಡಿಯುವ ಕ್ಲ್ಯಾಂಪ್ ಬಂದು ಕಚ್ಚಿದ್ದು ಖಾಲಿ ತುದಿಯನ್ನು. ಅವನು ಕೈ ಎಳೆದುಕೊಂಡ. ಗ್ಲೌಸ್ ಮಷೀನಿನಲ್ಲೇ ನೇತಾಡುತ್ತಿತ್ತು. ಸದ್ದು ಕೇಳಿ ನಾನು ಓಡಿ ಹೋದಾಗ ಅವನು ತನ್ನ ಐದೂ ಬೆರಳನ್ನು ಮತ್ತೆ ಮತ್ತೆ ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದ.

ಮಷೀನಿನ ಪಕ್ಕದಲ್ಲಿ, ಸರಿಯಾಗಿ ಅವನ ಕಣ್ಣಿನ ಎತ್ತರಕ್ಕೆ, ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಇತ್ತು. ಕೆಲಸದ ಸೂಚನೆಗಳ ಹಾಳೆ. ಅದರ 7ನೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಏರ್ ಬಂದ್ ಮಾಡಿದ ಮೇಲೂ ಒಳಗೆ ಒತ್ತಡ ಉಳಿದಿರುತ್ತದೆ, ಅದನ್ನು ಹೊರಗೆ ಬಿಟ್ಟ ಮೇಲೆಯೇ ಕೈ ಹಾಕಬೇಕು ಅಂತ. ಬರೆದಿದ್ದು ಇಂಗ್ಲಿಷಿನಲ್ಲಿ. ಬರೆದವನು ನಾನೇ.

“ಇದನ್ನ ಓದಿದ್ಯೇನೋ?”

“ಹೂಂ ಸಾರ್.”

“ಅರ್ಥ ಆಗಿತ್ತಾ?”

“ಹೂಂ ಸಾರ್.”

ಟ್ರೈನಿಂಗ್ ಮುಗಿದ ದಿನವೂ ಅವನು ಇದೇ ಮಾತು ಹೇಳಿದ್ದ. ಕೆಳಗೆ ಸಹಿಯನ್ನೂ ಹಾಕಿದ್ದ. ರಾಯಚೂರು ಜಿಲ್ಲೆಯ ಹುಡುಗ. ಐಟಿಐ ಮುಗಿಸಿ ಬಂದವನು. ಕೈಚಳಕದಲ್ಲಿ ನಮ್ಮ ಲೈನಿನಲ್ಲೇ ಚುರುಕು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದ. ಅಷ್ಟನ್ನೇ ನಾನು ‘ಓದುವುದು’ ಅಂದುಕೊಂಡಿದ್ದೆ.

ಅದು 2017ರ ಕೊನೆ. ಆ ‘ಹೂಂ’ ಕಿವಿಗೆ ಬಿದ್ದ ಕೂಡಲೇ ನನಗೆ ನೆನಪಾದದ್ದು ಜಪಾನಿನ ಒಂದು ಮೀಟಿಂಗ್ ರೂಮು. ಅಲ್ಲಿ ನನ್ನ ಎದುರು ಕೂತು ‘ಹೈ, ಹೈ’ ಅನ್ನುತ್ತಿದ್ದ ಒಬ್ಬ ಹಿರಿಯರು.

ನಾನಿರುವುದು ಕಾರಿನ ಬಿಡಿಭಾಗ ಮಾಡುವ ಒಂದು ಜಪಾನಿ ಕಂಪನಿಯಲ್ಲಿ. ಹೆಸರು ಬೇಡ. ಹೆಡ್ ಆಫೀಸು ಐಚಿ ಪ್ರಾಂತದಲ್ಲಿದೆ. ನಮ್ಮ ಫ್ಯಾಕ್ಟರಿ ಬೆಂಗಳೂರಿನ ಹೊರಗೆ. ಬೇರೆ ಕೆಲವು ದೇಶಗಳಲ್ಲೂ ಇದೆ. 2014ರಲ್ಲಿ ಹೆಡ್ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಕಂಪನಿಯ ಅಧಿಕೃತ ಭಾಷೆ ಇಂಗ್ಲಿಷ್. ಎಲ್ಲ ದಾಖಲೆಯ ಮೂಲಪ್ರತಿ ಇಂಗ್ಲಿಷಿನಲ್ಲೇ ಇರಬೇಕು. ಒಂದಕ್ಕಿಂತ ಜಾಸ್ತಿ ದೇಶದವರು ಇರುವ ಮೀಟಿಂಗ್ ಇಂಗ್ಲಿಷಿನಲ್ಲೇ ನಡೆಯಬೇಕು. ಸ್ಥಳೀಯ ಭಾಷೆಯ ಪ್ರತಿ ಬೇಕಿದ್ದರೆ ಇಟ್ಟುಕೊಳ್ಳಬಹುದು, ಆದರೆ ಅದಕ್ಕೆ ಬೆಲೆ ಇಲ್ಲ.

ನಮ್ಮ ಆಫೀಸಿನಲ್ಲಿ ಅವತ್ತು ಹಬ್ಬ. ಇಷ್ಟು ದಿನ ಜಪಾನಿನಿಂದ ಡ್ರಾಯಿಂಗ್ ಬಂದರೆ ಮೂಲೆಯಲ್ಲಿರುವ ಟಿಪ್ಪಣಿ ಓದುವುದಕ್ಕೆ ದುಭಾಷಿಗೆ ಕಾಯಬೇಕಿತ್ತು. ಇನ್ನು ಆ ಗೋಳಿಲ್ಲ. ಅದಕ್ಕಿಂತ ಒಳಗೊಳಗೆ ಇದ್ದ ಖುಷಿ ಬೇರೆ. ಇಂಗ್ಲಿಷ್ ಅಂದರೆ ನಮ್ಮದೇ ಅಲ್ವಾ? ಜಪಾನಿನವರು ಇನ್ನು ನಮ್ಮ ಪಿಚ್ಚಿಗೆ ಬಂದು ಆಡಬೇಕು. ಕ್ಯಾಂಟೀನಿನಲ್ಲಿ ಒಬ್ಬ ಸಹೋದ್ಯೋಗಿ ಇದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟ. ನಾವೆಲ್ಲ ನಕ್ಕೆವು. ಫ್ಲೋರಿನಲ್ಲಿ ಕೆಲಸ ಮಾಡುವವರನ್ನು ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

2016ರಲ್ಲಿ ಒಂದು ವರ್ಷಕ್ಕೆ ನನ್ನನ್ನು ಐಚಿಗೆ ಕಳಿಸಿದರು. ಟೊಯೊಟಾ ನಗರ ಇರುವುದು ಅಲ್ಲೇ. ಅದರ ಮೊದಲಿನ ಹೆಸರು ಕೊರೊಮೊ. 1959ರಲ್ಲಿ ಕಂಪನಿಯ ಹೆಸರನ್ನೇ ಊರಿಗಿಟ್ಟರು. ಕಂಪನಿಯ ಮಾತು ಅಂದರೆ ವೇದವಾಕ್ಯ ಅನ್ನುವ ಸೀಮೆ. ಅಲ್ಲಿ ಇಂಗ್ಲಿಷ್ ನಿಯಮ ಹೇಗೆ ನಡೆಯುತ್ತಿತ್ತು ಅನ್ನುವುದು ಮೊದಲ ವಾರವೇ ಗೊತ್ತಾಯಿತು.

ಮೀಟಿಂಗಿನಲ್ಲಿ 11 ಜನ ಜಪಾನಿಗಳು, ನಾನೊಬ್ಬ ಹೊರಗಿನವನು. ನಿಯಮದ ಪ್ರಕಾರ ಇಂಗ್ಲಿಷ್. ಅಂದರೆ ನನ್ನೊಬ್ಬನ ದೆಸೆಯಿಂದ 11 ಜನರ ಬಾಯಿಗೆ ಬೀಗ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು, ಟಿವಿ ಆರಿಸಿದ ಹಾಗೆ. ಆಮೇಲೆ ಯಾರೋ ಒಬ್ಬರು ಹಾಳೆ ನೋಡಿ ಓದುತ್ತಿದ್ದರು. ಉಳಿದವರು ತಲೆ ಆಡಿಸುತ್ತಿದ್ದರು. ನಾನು ಪಟಪಟ ಅಂತ 20 ನಿಮಿಷ ಮಾತಾಡುತ್ತಿದ್ದೆ. ಎಲ್ಲರೂ ‘ಹೈ’ ಅನ್ನುತ್ತಿದ್ದರು. ನಿಜವಾದ ಮೀಟಿಂಗ್ ನಡೆಯುತ್ತಿದ್ದದ್ದು ಆಮೇಲೆ, ಸಿಗರೇಟು ಸೇದುವ ಮೂಲೆಯಲ್ಲಿ, ಜಪಾನಿಯಲ್ಲಿ. ನಾನು ಸಿಗರೇಟು ಸೇದುವುದಿಲ್ಲ.

‘ಹೈ’ ಅಂದರೆ ‘ಹೌದು’ ಅಂತ ಪುಸ್ತಕ ಹೇಳುತ್ತದೆ. ನಾನೂ ಹಾಗೇ ನಂಬಿದ್ದೆ. ಅದು ಎಷ್ಟೋ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ’ ಅಷ್ಟೇ. ಒಪ್ಪಿದೆ ಅಂತ ಅಲ್ಲ, ಅರ್ಥವಾಯಿತು ಅಂತಲೂ ಅಲ್ಲ. ಇನ್ನು ‘ಚೊತ್ತೋ...’ ಅಂದು ಎಳೆದು ಸುಮ್ಮನಾದರೆ ‘ಇದು ಆಗದ ಮಾತು’ ಅಂತ. ಇದನ್ನು ಕಲಿಯುವುದಕ್ಕೆ ನಾನು ಒಂದು ಡೈ, ಅಂದರೆ ಪ್ರೆಸ್ ಮಷೀನಿನಲ್ಲಿ ಲೋಹಕ್ಕೆ ಆಕಾರ ಕೊಡುವ ಅಚ್ಚು, ಹಾಳು ಮಾಡಬೇಕಾಯಿತು.

ಆ ಹಿರಿಯರಿಗೆ ಆಗ ರಿಟೈರ್ ಆಗಲು ನಾಲ್ಕೈದು ವರ್ಷ ಇತ್ತು. ಪ್ರೆಸ್ಸಿನ ಸದ್ದು ಕೇಳಿಯೇ ಡೈ ಎಲ್ಲಿ ಸವೆದಿದೆ ಅಂತ ಹೇಳುವ ಮನುಷ್ಯ. ನಮ್ಮ ಕಡೆ ಸ್ಕೂಟರಿನ ಸದ್ದು ಕೇಳಿ ಕಾರ್ಬ್ಯುರೇಟರ್ ಕಸ ಅನ್ನುವ ಮೆಕ್ಯಾನಿಕ್ ಇರುತ್ತಾನಲ್ಲ, ಆ ಜಾತಿ. ನಾನು ಒಂದು ಡಿಸೈನ್ ಬದಲಾವಣೆ ಸೂಚಿಸಿದೆ. ಅವರು ‘ಹೈ’ ಅಂದರು. ಆಮೇಲೆ ‘ಚೊತ್ತೋ...’ ಅಂದರು. ಪದ ಹುಡುಕಿದರು. ಕೈಯಲ್ಲಿ ಗಾಳಿಯಲ್ಲಿ ಏನೋ ಗೆರೆ ಎಳೆದರು. ಕೊನೆಗೆ “ನೋ ಪ್ರಾಬ್ಲಮ್” ಅಂದು ಕೂತುಬಿಟ್ಟರು. ಮೂರು ವಾರದ ಮೇಲೆ ಟ್ರಯಲ್ ಮಾಡಿದಾಗ ಡೈ ಬಿರುಕು ಬಿಟ್ಟಿತು. ಸರಿಯಾಗಿ ಅವರು ಗಾಳಿಯಲ್ಲಿ ಗೆರೆ ಎಳೆದ ಜಾಗದಲ್ಲಿ.

ಅವತ್ತು ಸಂಜೆ ನಾನು ಅವರ ಮೇಜಿನ ಹತ್ತಿರ ಹೋದೆ. ಮೇಜಿನ ಮೇಲೆ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಭ್ಯಾಸ ಪುಸ್ತಕ ಇತ್ತು, ಪುಟದ ತುಂಬ ಪೆನ್ಸಿಲ್ ಗುರುತು. ಟೋಯಿಕ್ ಅಂದರೆ ಜಪಾನಿನಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಇದ್ದಂತೆ, ಎಲ್ಲರ ಬಾಯಲ್ಲೂ ಅದೇ. 1979ರಲ್ಲಿ ಜಪಾನಿಗಳೇ ಕೇಳಿ ಅಮೆರಿಕದವರಿಂದ ಮಾಡಿಸಿಕೊಂಡ ಪರೀಕ್ಷೆ. 200 ಪ್ರಶ್ನೆ, ಎರಡು ಗಂಟೆ, 990 ಅಂಕ. ಬಡ್ತಿಗೆ ಇಷ್ಟು ಅಂಕ ಬೇಕು ಅಂತ ನಮ್ಮ ಕಂಪನಿ ಗೆರೆ ಎಳೆದಿತ್ತು. ತಮಾಷೆ ನೋಡಿ, ಕೇಳುವುದು ಮತ್ತು ಓದುವುದು, ಆ ಪರೀಕ್ಷೆಯಲ್ಲಿರುವುದು ಅಷ್ಟೇ. ಬಾಯಿ ಬಿಡಬೇಕಾಗಿಲ್ಲ. ಮೀಟಿಂಗಿನಲ್ಲಿ ಬಾಯಿ ಬರದವರಿಗೆ ಕೊಟ್ಟ ಮದ್ದು ಇದು.

ಅವರು ಕಾಗದ ತೆಗೆದು ಚಿತ್ರ ಬರೆದರು. ಬಿರುಕು ಯಾಕೆ ಬಂತು, 20 ವರ್ಷದ ಹಿಂದೆ ಇದೇ ತಪ್ಪು ಎಲ್ಲಿ ಆಗಿತ್ತು, ಎಲ್ಲ. ಅರ್ಧ ಚಿತ್ರ, ಅರ್ಧ ನನ್ನ ಹರುಕು ಜಪಾನಿ, ಮೂರು ಗಂಟೆ ಹಿಡಿಯಿತು. ಮತ್ಯಾಕೆ ಅವತ್ತು ಹೇಳಲಿಲ್ಲ ಅಂತ ಕೇಳಿದೆ. ಇಂಗ್ಲಿಷಿನಲ್ಲಿ ತಾನು ಹತ್ತು ವರ್ಷದ ಹುಡುಗ, ಹತ್ತು ವರ್ಷದ ಹುಡುಗನ ಮಾತನ್ನು ಯಾರು ಕೇಳುತ್ತಾರೆ ಅಂದರು. ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ.

ನಮ್ಮ ಕಂಪನಿಯೊಂದೇ ಹೀಗೆ ಅಂತಲ್ಲ. ಜಪಾನಿನಲ್ಲಿ ಈ ಗಾಳಿ ಎಬ್ಬಿಸಿದ್ದು ರಾಕುಟೆನ್ ಅನ್ನುವ ಆನ್‌ಲೈನ್ ವ್ಯಾಪಾರದ ಕಂಪನಿ. ಅದರ ಮುಖ್ಯಸ್ಥ ಹಿರೋಶಿ ಮಿಕಿತಾನಿ 2010ರಲ್ಲಿ ಇಂಗ್ಲಿಷ್ ಘೋಷಿಸಿದರು, 2012ರ ಜುಲೈನಿಂದ ಪೂರ್ತಿ ಜಾರಿ ಮಾಡಿದರು. ಕ್ಯಾಂಟೀನಿನ ಮೆನು ಕೂಡ ಇಂಗ್ಲಿಷ್ ಆಯಿತು. ಅದೇ 2010ರಲ್ಲಿ ಹೋಂಡಾದ ಆಗಿನ ಅಧ್ಯಕ್ಷ ತಕನೊಬು ಇತೋ, ಜಪಾನಿಗಳೇ ತುಂಬಿರುವ ಕಂಪನಿ ಜಪಾನಿನಲ್ಲಿ ಇಂಗ್ಲಿಷ್ ಆಡುವುದು ಪೆದ್ದುತನ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಐದು ವರ್ಷ ಕಳೆಯುವುದರಲ್ಲಿ ಹೋಂಡಾ ಕೂಡ ದೇಶ ದೇಶಗಳ ನಡುವಿನ ವ್ಯವಹಾರಕ್ಕೆ 2020ರ ಹೊತ್ತಿಗೆ ಇಂಗ್ಲಿಷ್ ತರುತ್ತೇವೆ ಅಂದಿತು. ಸಿಗರೇಟು ಮೂಲೆಯಲ್ಲಿ ಇದು ದೊಡ್ಡ ಜೋಕು ಅಂತ ಆಮೇಲೆ ಗೊತ್ತಾಯಿತು. ಹೌದು, ನಾನು ಆ ಮೂಲೆಗೆ ಹೋಗಿ ನಿಲ್ಲುವುದಕ್ಕೆ ಶುರು ಮಾಡಿದ್ದೆ. ಹೊಗೆ ಕುಡಿದರೂ ಪರವಾಗಿಲ್ಲ ಅಂತ.

ಅಲ್ಲಿಗೆ ಹೋಗಬೇಕಾದರೆ ಜಪಾನಿ ಬರಬೇಕು. ಸಂಜೆ ಕ್ಲಾಸಿಗೆ ಸೇರಿದೆ. ರಿಟೈರ್ ಆದ ಹೆಂಗಸರು ಪುಕ್ಕಟೆ ಹೇಳಿಕೊಡುತ್ತಿದ್ದರು. ನಾನು ಮೊದಲು ಇಂಗ್ಲಿಷ್ ಮೂಲಕ ಕಲಿಯಲು ಹೋಗಿ ಒದ್ದಾಡಿದೆ. ಕ್ರಿಯಾಪದ ಕೊನೆಗೆ ಬರುತ್ತದೆ, ಹೆಸರಿಗೆ ಬಾಲ ಅಂಟುತ್ತದೆ, ಎಲ್ಲ ತಲೆಕೆಳಗು ಅನಿಸುತ್ತಿತ್ತು. ಒಂದು ದಿನ ಆ ಹೆಂಗಸರಲ್ಲಿ ಒಬ್ಬ ಅಜ್ಜಿ ಕಪ್ಪು ಹಲಗೆಯ ಮೇಲೆ ‘ಇತ್ತೆ ಕಿಮಾಸು’ ಅಂತ ಬರೆದರು. ಮನೆಯಿಂದ ಹೊರಡುವಾಗ ಹೇಳುವ ಮಾತು. ‘ಇತ್ತೆ’ ಅಂದರೆ ಹೋಗಿ. ‘ಕಿಮಾಸು’ ಅಂದರೆ ಬರುತ್ತೇನೆ. ನಾನು ಕೂತಲ್ಲೇ ನಕ್ಕುಬಿಟ್ಟೆ. ಹೋಗಿ ಬರ್ತೀನಿ! ನಮ್ಮಮ್ಮ ‘ಹೋಗ್ತೀನಿ’ ಅಂದರೆ ಬೈದು ‘ಹೋಗಿ ಬರ್ತೀನಿ ಅನ್ನು’ ಅಂತ ತಿದ್ದುತ್ತಿದ್ದದ್ದು ಇದೇ ಅಲ್ವಾ?

ಅವತ್ತಿಂದ ಇಂಗ್ಲಿಷ್ ಬಿಟ್ಟು ಕನ್ನಡದಿಂದ ನೇರವಾಗಿ ಜಪಾನಿಗೆ ಹೋಗಲು ಹಿಡಿದೆ. ‘ತಬೆತೆ ಮಿರು’, ತಿಂದು ನೋಡು. ‘ತಬೆತೆ ಶಿಮತ್ತ’, ತಿಂದುಬಿಟ್ಟೆ. ನಾವು ‘ಅಂತ’ ಹಾಕುವಲ್ಲಿ ಅವರು ‘ತೊ’ ಹಾಕುತ್ತಾರೆ. ಪ್ರಶ್ನೆಗೆ ನಾವು ಕೊನೆಯಲ್ಲಿ ‘ಆ’ ಎಳೆದರೆ ಅವರು ‘ಕಾ’ ಹಚ್ಚುತ್ತಾರೆ. ಇನ್ನು ಜೋಡಿ ಸದ್ದುಗಳಲ್ಲಂತೂ ಅವರು ನಮ್ಮ ದಾಯಾದಿಗಳು. ನಮ್ಮ ಎದೆ ಡವಡವ ಅಂದರೆ ಅವರದು ‘ದೊಕಿದೊಕಿ’. ನಮ್ಮ ಪಾತ್ರೆ ಪಳಪಳ ಅಂದರೆ ಅವರದು ‘ಪಿಕಾಪಿಕಾ’. ಇಂಥ ಎರಡು ಭಾಷೆಯವರು ಎದುರು ಬದುರು ಕೂತು ಇಬ್ಬರೂ ಮೂರನೆಯ ಭಾಷೆಯಲ್ಲಿ ತಡವರಿಸುತ್ತಿದ್ದೆವು. ಅಲ್ಲ, ಅವರು ತಡವರಿಸುತ್ತಿದ್ದರು. ನಾನು ಪಟಪಟ ಅನ್ನುತ್ತಿದ್ದೆ.

ವಾಪಸ್ ಬಂದೆ. ಬಂದು ಏನು ಮಾಡಿದೆ? ಹೊಸ ಲೈನಿಗೆ ಕೆಲಸದ ಸೂಚನೆ ಬರೆದೆ. ಇಂಗ್ಲಿಷಿನಲ್ಲಿ. ಐಚಿಯಲ್ಲಿ ಕಣ್ಣಾರೆ ನೋಡಿ ಬಂದವನು, ಇಲ್ಲಿ ಅದನ್ನೇ ಮಾಡಿದೆ. ಗ್ಲೌಸ್ ಮಷೀನಿನಲ್ಲಿ ನೇತಾಡುವ ತನಕ ಎರಡನ್ನೂ ಕೂಡಿಸಿ ನೋಡಿರಲಿಲ್ಲ.

ಆ ವಾರವೇ ಕೆಲಸ ಶುರು ಮಾಡಿದೆ. ಸೂಚನಾ ಹಾಳೆ ಕನ್ನಡದಲ್ಲಿ ಬೇಕು, ಸುಮ್ನೆ ಪಕ್ಕದಲ್ಲಿ ಅಂಟಿಸುವ ಪ್ರತಿಯಾಗಿ ಅಲ್ಲ, ಮೊಹರು ಬಿದ್ದ ಅಧಿಕೃತ ಪ್ರತಿಯಾಗಿ ಬೇಕು ಅಂತ ಅರ್ಜಿ ಹಾಕಿದೆ. ಈ ವ್ಯತ್ಯಾಸ ಹೊರಗಿನವರಿಗೆ ಚಿಕ್ಕದು ಅನಿಸಬಹುದು. ಫ್ಯಾಕ್ಟರಿಯಲ್ಲಿ ಅದೇ ಎಲ್ಲ. ಮೊಹರಿಲ್ಲದ ಹಾಳೆಯನ್ನು ಇಂಗ್ಲಿಷ್ ಪ್ರತಿ ಬದಲಾದಾಗ ಯಾರೂ ಬದಲಿಸುವುದಿಲ್ಲ. ಆರು ತಿಂಗಳಿಗೆ ಅದು ಸುಳ್ಳು ಹೇಳಲು ಶುರು ಮಾಡುತ್ತದೆ.

ಹೆಡ್ ಆಫೀಸಿನ ಉತ್ತರ ಎರಡೇ ಸಾಲು. ಭಾರತದವರಿಗೆ ಇಂಗ್ಲಿಷ್ ಬರುತ್ತದಲ್ಲ, ಮತ್ತೆ ಯಾಕೆ? ನನಗೆ ಸಿಟ್ಟು ಬಂತು, ಆದರೆ ತಪ್ಪು ಅವರದ್ದಲ್ಲ. ಆ ನಂಬಿಕೆ ಹುಟ್ಟಿಸಿದ್ದೇ ನಾವು, ಮೀಟಿಂಗಿನಲ್ಲಿ ಪಟಪಟ ಮಾತಾಡಿ. ಅವರು ನೋಡಿದ ಭಾರತ ಅಂದರೆ ನಾವು ಹತ್ತಿಪ್ಪತ್ತು ಜನ.

ಮೇಲಿನವರಿಗೆ ನ್ಯಾಯ ನೀತಿ ಹೇಳಿದರೆ ನಡೆಯುವುದಿಲ್ಲ, ಕಾಯ್ದೆ ಮತ್ತು ದಂಡ ತೋರಿಸಬೇಕು. ಓದಲು ಕೂತೆ. 1948ರ ಫ್ಯಾಕ್ಟರಿ ಕಾಯ್ದೆಯ 108ನೇ ಸೆಕ್ಷನ್ ಸಿಕ್ಕಿತು. ಆ ಕಾಯ್ದೆಯ ಪ್ರಕಾರ ಹಾಕಬೇಕಾದ ನೋಟೀಸುಗಳು ಇಂಗ್ಲಿಷಿನ ಜೊತೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅಂತ ಅದರಲ್ಲಿತ್ತು. ಒಳ್ಳೆಯದೇ, ಆದರೆ ಕೆಲಸದ ಸೂಚನೆ ಆ ನೋಟೀಸಿನ ಲೆಕ್ಕಕ್ಕೆ ಬರುವುದಿಲ್ಲ ಅಂತ ನಮ್ಮ ಲೀಗಲ್‌ನವರು ಗೊಣಗಿದರು. ಫ್ರಾನ್ಸಿನ ಸಂಗತಿ ಸಿಕ್ಕಿದ್ದು ಹೀಗೆ ಹುಡುಕುವಾಗ. ಅಲ್ಲಿ ಕೆಲಸಕ್ಕೆ ಬೇಕಾದ ಕಾಗದಪತ್ರ ಫ್ರೆಂಚಿನಲ್ಲಿ ಇರಲೇಬೇಕು ಅಂತ 1994ರಿಂದ ತೂಬೋ ಕಾಯ್ದೆ ಇದೆ. ಅಮೆರಿಕದ ಜಿಇ ಕಂಪನಿಯ ವೈದ್ಯಕೀಯ ಉಪಕರಣದ ಶಾಖೆ ಇಂಗ್ಲಿಷ್ ದಾಖಲೆಗಳನ್ನೇ ಕೊಟ್ಟು ಕೂತಾಗ ನೌಕರರು ಕೋರ್ಟಿಗೆ ಹೋದರು. 2006ರಲ್ಲಿ ವರ್ಸೈ ಮೇಲ್ಮನವಿ ಕೋರ್ಟು ಐದೂವರೆ ಲಕ್ಷ ಯೂರೋಗಿಂತ ಜಾಸ್ತಿ ಕಕ್ಕಿಸಿತು. ಅದೇ ದೇಶದ ಎಪಿನಾಲ್ ಎಂಬ ಊರಿನ ಆಸ್ಪತ್ರೆಯ ಕಥೆ ಇನ್ನೂ ಕೆಟ್ಟದ್ದು. 2004–05ರಲ್ಲಿ ಅಲ್ಲಿ 20ಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ ರೇಡಿಯೇಶನ್ ಹೋಯಿತು. ಕೆಲವರು ಸತ್ತರು. ತನಿಖೆಯಲ್ಲಿ ಹೊರಬಂದ ಕಾರಣಗಳಲ್ಲಿ ಒಂದು, ಸಾಫ್ಟ್‌ವೇರ್ ಇಂಗ್ಲಿಷಿನಲ್ಲಿತ್ತು, ಸಿಬ್ಬಂದಿಯ ಕೈಯಲ್ಲಿ ಫ್ರೆಂಚ್ ಕೈಪಿಡಿ ಇರಲಿಲ್ಲ.

ಇವನ್ನೆಲ್ಲ ಬರೆದು ಕಳಿಸಿದೆ. ‘ಪರಿಶೀಲಿಸುತ್ತೇವೆ’ ಅಂತ ಬಂತು. ಅದು ಇಂಗ್ಲಿಷ್ ವೇಷದ ‘ಚೊತ್ತೋ...’ ಅಂತ ಗುರುತು ಹಿಡಿಯುವಷ್ಟು ನಾನು ಕಲಿತಿದ್ದೆ.

ಬಾಗಿಲು ತೆರೆದದ್ದು ಬೇರೆ ಕಡೆಯಿಂದ. ಕಾರು ಕಂಪನಿಗಳಿಗೆ ಮಾಲು ಕೊಡುವವರೆಲ್ಲ 2018ರ ಸೆಪ್ಟೆಂಬರ್ 14ರ ಒಳಗೆ ಐಎಟಿಎಫ್ 16949 ಅನ್ನುವ ಹೊಸ ಗುಣಮಟ್ಟದ ಸರ್ಟಿಫಿಕೇಟಿಗೆ ಬದಲಾಗಬೇಕಿತ್ತು. ಅದಿಲ್ಲದಿದ್ದರೆ ಆರ್ಡರ್ ಇಲ್ಲ. ಅದರ ನಿಯಮ ಓದುತ್ತಾ ಹೋದಾಗ 8.5.1.2ರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಕೆಲಸದ ಸೂಚನೆಗಳು ಅವನ್ನು ಪಾಲಿಸಬೇಕಾದವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅಷ್ಟೇ. ಕನ್ನಡ ಹೋರಾಟವೂ ಅಲ್ಲ, ಕೋರ್ಟೂ ಅಲ್ಲ, ಗಿರಾಕಿಯ ಷರತ್ತು. ಆ ಸಾಲಿಗೆ ಹಳದಿ ಬಣ್ಣ ಬಳಿದು ಕಳಿಸಿದೆ. ಮೂರನೇ ದಿನ ಒಪ್ಪಿಗೆ ಬಂತು.

ಈಗ ಅನುವಾದ. ಕಂಪನಿಯ ಪದ್ಧತಿಯಂತೆ ಒಂದು ಏಜೆನ್ಸಿಗೆ ಕೊಟ್ಟರು. ಬಂದ ಹಾಳೆಯ 7ನೇ ಸಾಲು ಹೀಗಿತ್ತು: ‘ಹಸ್ತಕ್ಷೇಪಕ್ಕೆ ಮುನ್ನ ಅವಶಿಷ್ಟ ಒತ್ತಡವನ್ನು ವಿಮೋಚನೆಗೊಳಿಸತಕ್ಕದ್ದು.’ ರಾಯಚೂರಿನ ಹುಡುಗನಿಗೆ ತೋರಿಸಿದೆ. ಅವನು ಓದಿದ. ಪೂರ್ತಿ, ತಪ್ಪಿಲ್ಲದೆ ಓದಿದ. “ಅರ್ಥ ಆಯ್ತಾ?” “ಹೂಂ ಸಾರ್.” ಆಮೇಲೆ ನನ್ನ ಮುಖ ನೋಡಿ, “ಇಲ್ರೀ ಸಾರ್” ಅಂದ. ಅವನು ನನಗೆ ‘ಇಲ್ಲ’ ಅಂದದ್ದು ಅದೇ ಮೊದಲು. ಇಂಗ್ಲಿಷಿಗೆ ಹೆದರಿ ಬಾಯಿಬಿಡದವನು ಕನ್ನಡವನ್ನು ಧೈರ್ಯವಾಗಿ ‘ತಿಳಿಯಲಿಲ್ಲ’ ಅಂದ. ಅದು ನನಗೆ ದೊಡ್ಡ ಸಂಗತಿ ಅನಿಸಿತು.

ಇನ್ನೊಂದು ಸಾಲು, ‘ತುರ್ತು ಸಂದರ್ಭದಲ್ಲಿ ಗುಂಡಿಯನ್ನು ಬಳಸಿ.’ ಕಲಬುರಗಿಯ ಒಬ್ಬರು ಗಂಭೀರವಾಗಿ ಕೇಳಿದರು, “ಯಾವ ಗುಂಡಿರೀ? ಎಲ್ಲಿ ತೋಡ್ಯಾರ?”

ಏಜೆನ್ಸಿಯ ಹಾಳೆ ಬದಿಗಿಟ್ಟೆ. ಎರಡನೇ ಶಿಫ್ಟಿನ ಟೀ ಬ್ರೇಕಿನಲ್ಲಿ ಆಪರೇಟರುಗಳ ಜೊತೆ ಕೂತೆ. ನಾನು ಇಂಗ್ಲಿಷ್ ಸಾಲನ್ನು ಹೇಳುವುದಿಲ್ಲ, ಕೆಲಸ ಮಾಡಿ ತೋರಿಸುತ್ತೇನೆ, ಹೊಸಬನಿಗೆ ನೀವು ಇದನ್ನು ಹೇಗೆ ಹೇಳಿಕೊಡುತ್ತೀರಿ ಅಂತ ಕೇಳುತ್ತೇನೆ. ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. 7ನೇ ಸಾಲು ಐದು ನಿಮಿಷದಲ್ಲಿ ಮುಗಿಯಿತು: ‘ಏರ್ ಬಂದ್ ಮಾಡಿ. ಒಳಗೆ ಉಳಿದ ಗಾಳಿ ಬಿಡಿ. ಬುಸ್ ಅನ್ನೋ ಸದ್ದು ನಿಂತ ಮೇಲೆ ಕೈ ಹಾಕಿ.’ ಆ ‘ಬುಸ್’ ನನ್ನ ಇಂಗ್ಲಿಷ್ ಪ್ರತಿಯಲ್ಲಿ ಇರಲೇ ಇಲ್ಲ. ಒತ್ತಡ ಹೋಯಿತೋ ಇಲ್ಲವೋ ಅಂತ ಗೊತ್ತಾಗುವುದು ಆ ಸದ್ದಿನಿಂದ. ಪ್ರತಿದಿನ ಮಷೀನಿನ ಮುಂದೆ ನಿಲ್ಲುವವರಿಗೆ ಗೊತ್ತಿದ್ದದ್ದು ಎಂಜಿನಿಯರ್ ಬರೆದ ಹಾಳೆಗೆ ಬಂದಿರಲಿಲ್ಲ. ಮುಂದೆ ಇಂಗ್ಲಿಷ್ ಮೂಲಪ್ರತಿಗೂ ಅದನ್ನು ಸೇರಿಸಿದೆ.

ಎಲ್ಲ ಸಾಲೂ ಹೀಗೆ ಸಲೀಸಾಗಿ ಬರಲಿಲ್ಲ. ರಿಪೇರಿ ಮಾಡುವಾಗ ಸ್ವಿಚ್ಚಿಗೆ ಲಾಕ್ ಹಾಕಿ, ಹೆಸರಿನ ಟ್ಯಾಗ್ ಕಟ್ಟಬೇಕು. ಇದಕ್ಕೆ ಏನು ಹೇಳುವುದು? ‘ಬೀಗ ಹಾಕಿ’ ಅಂದರು ಮಂಡ್ಯದವರು. ‘ಕೀಲಿ ಹಾಕ್ರಿ’ ಅಂದರು ಬೆಳಗಾವಿಯವರು. ಮಂಡ್ಯದವರಿಗೆ ಕೀಲಿ ಅಂದರೆ ಕೈಯಲ್ಲಿ ಹಿಡಿಯುವ ಕೀ. ಬೆಳಗಾವಿಯವರಿಗೆ ಬೀಗ ಅಂದರೆ ಮಗಳ ಮಾವ. “ಮಷೀನಿಗೆ ಬೀಗರನ್ನ ಕಟ್ಟಿ ಹಾಕ್ತೀರೇನ್ರಿ?” ಅಂತ ಎಲ್ಲರೂ ನಕ್ಕು ಟೀ ಆರಿಹೋಯಿತು. ಕೊನೆಗೆ ‘ಲಾಕ್ ಹಾಕಿ, ಚೀಟಿ ಕಟ್ಟಿ’ ಅಂತ ನಿಂತಿತು. ಸ್ಪ್ಯಾನರಿಗೆ ‘ಪಾನಾ’ ಅಂತಲೇ ಬರೆದೆವು. ಸೆನ್ಸರ್, ಫಿಕ್ಸ್ಚರ್, ಕ್ಲ್ಯಾಂಪ್ ಹಾಗೇ ಉಳಿದವು. ಶುದ್ಧ ಕನ್ನಡ ಅಲ್ಲ ಅಂತ ಎಚ್‌ಆರ್‌ನ ಒಬ್ಬರು ಮುಖ ಸಿಂಡರಿಸಿದರು. ಅವರು ತಮ್ಮ ಮೇಲ್‌ಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯುವವರು.

ಆಮೇಲೆ ತಾಂತ್ರಿಕ ಗೋಳು. ಏಜೆನ್ಸಿಯವರು ಕಳಿಸಿದ ಮೊದಲ ಫೈಲು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿತ್ತು, ನಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಯಾವುದೋ ಗ್ರಹದ ಭಾಷೆ. ನಮ್ಮದನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡಿನಲ್ಲಿ ಟೈಪ್ ಮಾಡಿದೆವು. ದಾಖಲೆಗಳ ಸರ್ವರ್ ಇದ್ದದ್ದು ಜಪಾನಿನಲ್ಲಿ. ಅದರಲ್ಲಿ ಕನ್ನಡ ಫಾಂಟ್ ಇಲ್ಲ. ಪ್ರಿಂಟ್ ತೆಗೆದರೆ ಸಾಲು ಸಾಲು ಖಾಲಿ ಚೌಕ. ಈ ಚೌಕಗಳಿಗೆ ಕಂಪ್ಯೂಟರಿನವರು ‘ತೋಫು’ ಅಂತ ಕರೆಯುತ್ತಾರೆ, ಸೋಯಾ ಪನೀರಿನ ತುಂಡಿನ ಹಾಗೆ ಕಾಣುತ್ತವೆ ಅಂತ. ಗೂಗಲ್‌ನವರು ಎಲ್ಲ ಲಿಪಿಗೂ ಮಾಡಿದ ಫಾಂಟಿಗೆ ‘ನೋಟೋ’ ಅಂತ ಹೆಸರಿಟ್ಟದ್ದೂ ಅದಕ್ಕೇ, ತೋಫು ಬೇಡ ಅಂತ. ಅದನ್ನು ಹಾಕಿಸಲು ಐಚಿಯ ಐಟಿ ವಿಭಾಗಕ್ಕೆ ಜಪಾನಿಯಲ್ಲಿ ಮೇಲ್ ಬರೆದೆ. ಇಂಗ್ಲಿಷಿನಲ್ಲಿ ಬರೆದಿದ್ದ ಎರಡು ಮೇಲ್‌ಗೆ ತಿಂಗಳಾದರೂ ಉತ್ತರ ಇರಲಿಲ್ಲ. ಇದಕ್ಕೆ ಮಾರನೇ ದಿನವೇ ಬಂತು.

ಒಂದು ಕೆಲಸ ಮಾತ್ರ ನನಗೆ ಸರಿಯಾಗಿ ಮಾಡಲಾಗಲಿಲ್ಲ. ಲೈನಿನ ಕೊನೆಯಲ್ಲಿ ಒಡಿಶಾದ ಗುತ್ತಿಗೆ ಹುಡುಗರಿದ್ದರು. ಕನ್ನಡ ಹಾಳೆ ಅಂಟಿಸುವ ದಿನ ಅವರಲ್ಲಿ ಒಬ್ಬ ಹಿಂದಿಯಲ್ಲಿ ಕೇಳಿದ, “ನಮ್ಮದು?” ಫೋಟೋ ಹಾಕಿದೆವು, ಕೈಯ ಚಿತ್ರಕ್ಕೆ ಕೆಂಪು ಅಡ್ಡಗೆರೆ ಎಳೆದೆವು, ಹಿಂದಿಯಲ್ಲಿ ಬಾಯಲ್ಲಿ ಹೇಳಿದೆವು. ಒಡಿಯಾ ಹಾಳೆಗೆ ಒಪ್ಪಿಗೆ ಸಿಗಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹೊಸ ಸರ್ಟಿಫಿಕೇಟಿನ ಆಡಿಟ್ ದಿನ ಆಡಿಟರ್ ನೇರವಾಗಿ ಆ ಹುಡುಗನ ಮಷೀನಿಗೇ ಹೋದರು. ಹಾಳೆ ನೋಡಿದರು. ಹುಡುಗನಿಗೆ ಓದು ಅನ್ನಲಿಲ್ಲ, ಹಾಳೆ ಮುಚ್ಚಿ ಮಾಡಿ ತೋರಿಸು ಅಂದರು. ಅವನು ಏರ್ ಬಂದ್ ಮಾಡಿದ. ವಾಲ್ವ್ ತಿರುಗಿಸಿದ. ಬುಸ್ ಅಂತು. ಅವನು ಕಿವಿ ಕೊಟ್ಟು ನಿಂತ. ಸದ್ದು ನಿಂತ ಮೇಲೆ ಕೈ ಹಾಕಿದ.

ಅದಾದ ಮೇಲೆ ಕನ್ನಡ ಬೇರೆ ಹಾಳೆಗಳಿಗೂ ಹಬ್ಬಿತು. ಅದರಲ್ಲಿ ನನಗೆ ಇಷ್ಟವಾದದ್ದು ‘ಹಿಯಾರಿ ಹತ್ತೋ’ ಚೀಟಿ. ಅಪಘಾತ ಆಗಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು ಅನ್ನುವಂಥದ್ದನ್ನು ಬರೆದು ಡಬ್ಬಿಗೆ ಹಾಕುವ ಜಪಾನಿ ಪದ್ಧತಿ. ‘ಹಿಯಾರಿ’ ಅಂದರೆ ಬೆನ್ನು ತಣ್ಣಗಾಗುವುದು, ‘ಹತ್ತೋ’ ಅಂದರೆ ಬೆಚ್ಚಿ ಬೀಳುವುದು. ಹೆಡ್ ಆಫೀಸು ಇದಕ್ಕೊಂದು ಇಂಗ್ಲಿಷ್ ಹೆಸರಿನ ಫಾರಂ ಕೊಟ್ಟಿತ್ತು. ಅದರಲ್ಲಿ ಬೆನ್ನೂ ಇಲ್ಲ, ಬೆಚ್ಚುವುದೂ ಇಲ್ಲ. ತಿಂಗಳಿಗೆ ಒಂದೋ ಎರಡೋ ಬೀಳುತ್ತಿತ್ತು, ಅವೂ ಸೂಪರ್‌ವೈಸರ್ ಬರೆದವು. ನಾನು ಟೀ ಟೇಬಲ್ಲಿನಲ್ಲಿ ಕೇಳಿದೆ, ಗ್ಲೌಸ್ ಸಿಕ್ಕಿಕೊಂಡಾಗ ನಿನಗೆ ಹೇಗಾಯ್ತೋ? ಹುಡುಗ ಎದೆ ಮುಟ್ಟಿಕೊಂಡು, “ಝಲ್ ಅಂತು ಸಾರ್” ಅಂದ. ಅಷ್ಟೇ. ಫಾರಮ್ಮಿನ ಹೆಸರು ‘ಝಲ್ ಚೀಟಿ’ ಆಯಿತು. ಕೆಳಗೆ ಒಂದೇ ನಿಯಮ ಬರೆದೆವು: ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ, ಬರೆಯಲು ಬಾರದಿದ್ದರೆ ಚಿತ್ರ ಬಿಡಿಸಿ. ಡಬ್ಬಿ ತುಂಬತೊಡಗಿತು. ಒಡಿಯಾದಲ್ಲಿ ಬರೆದದ್ದನ್ನು ಓದಿಸಲು ನಾನು ಲೈನಿನ ಕೊನೆಗೆ ಓಡುತ್ತಿದ್ದೆ.

ಇವತ್ತಿಗೂ ಇಂಗ್ಲಿಷ್ ನೀತಿ ಹಾಗೇ ಇದೆ. 2024ರಲ್ಲಿ ನಾಮಫಲಕದ ಕಾಯ್ದೆ ಬಿಗಿಯಾದ ಮೇಲೆ ಗೇಟಿನ ಬೋರ್ಡಿನಲ್ಲಿ ಶೇ. 60 ಕನ್ನಡ ಬಂದಿದೆ. ಮೂರನೇ ಮಹಡಿಯ ಮೀಟಿಂಗ್ ರೂಮಿನಲ್ಲಿ ಶೇಕಡಾ ಎಷ್ಟು ಅಂತ ಯಾರೂ ಅಳೆಯಲು ಬಂದಿಲ್ಲ. ಬಂದರೂ ಏನು ಸಿಗುತ್ತದೆ? ಅಲ್ಲಿ ಕೂರುವ ನಾವೆಲ್ಲ ಹೆಚ್ಚುಕಮ್ಮಿ ಕನ್ನಡದವರೇ.

ಐಚಿಯ ಆ ಹಿರಿಯರು 2019ರಲ್ಲಿ ನಮ್ಮ ಫ್ಯಾಕ್ಟರಿಗೆ ಬಂದರು. ಕೊರೊನಾ ಬರುವ ಸ್ವಲ್ಪ ಮುಂಚೆ. ಅವರಿಗೆ ಬೇಕಾದಷ್ಟು ಟೋಯಿಕ್ ಅಂಕ ಕೊನೆಗೂ ಬಂದಿರಲಿಲ್ಲ, ಬಡ್ತಿ ಆಗಿರಲಿಲ್ಲ. ಮೀಟಿಂಗ್ ರೂಮಿಗೆ ಕರೆದರೆ ಬರಲಿಲ್ಲ, ಸೀದಾ ಫ್ಲೋರಿಗೆ ನಡೆದರು. ರಾಯಚೂರಿನ ಹುಡುಗನ ಮಷೀನಿನ ಮುಂದೆ ನಿಂತರು. ನಾನು ದುಭಾಷಿ ಅಂತ ಪಕ್ಕದಲ್ಲಿ ನಿಂತೆ. ಅವರು ಭಾಗವನ್ನು ಕೂರಿಸುವ ಫಿಕ್ಸ್ಚರ್ ಕಡೆ ಬೆರಳು ಮಾಡಿ ಜಪಾನಿಯಲ್ಲಿ ಏನೋ ಅಂದರು. ಇವನು ಕನ್ನಡದಲ್ಲಿ ಉತ್ತರ ಕೊಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಗ್ಗಿ ಬೋಲ್ಟು ಮುಟ್ಟಿ ನೋಡಿ “ಆ, ಆ” ಅಂದರು. ಜಪಾನಿನಲ್ಲಿ ಪ್ರತಿ ಹೆಜ್ಜೆಗೂ ಬೆರಳು ತೋರಿಸಿ ‘ಯೋಶಿ!’ ಅಂತ ಕೂಗುವ ಅಭ್ಯಾಸ ಇದೆ. ಅವರು ವಾಲ್ವ್ ತೋರಿಸಿ “ಯೋಶಿ!” ಅಂದರು. ಇವನೂ ಬೆರಳು ಚಾಚಿ “ಸರಿ!” ಅಂದ. ಅರ್ಧ ಗಂಟೆ ಹೀಗೇ ನಡೆಯಿತು. ನನಗೆ ಕೆಲಸವೇ ಇರಲಿಲ್ಲ.

ಹೊರಡುವಾಗ ಅವರ ಕಾಲು ಎಲ್ಲೋ ತೊಡರಿತು. ಬೀಳಲಿಲ್ಲ, ಕಂಬ ಹಿಡಿದುಕೊಂಡರು. ಆಮೇಲೆ ಗೋಡೆಯ ಮೇಲಿದ್ದ ಚೀಟಿಗಳ ಕಟ್ಟು ಏನು ಅಂತ ಕೇಳಿದರು. ಹೇಳಿದೆ. ‘ಝಲ್’ ಅನ್ನುವುದನ್ನು ಎರಡು ಸಲ ಹೇಳಿಸಿಕೊಂಡು, “ಜರು” ಅಂದರು, ಎದೆ ಮುಟ್ಟಿಕೊಂಡು. ಒಂದು ಚೀಟಿ ಹರಿದು ನಿಂತಲ್ಲೇ ಜಪಾನಿಯಲ್ಲಿ ನಾಲ್ಕು ಸಾಲು ಬರೆದು ಡಬ್ಬಿಗೆ ಹಾಕಿದರು.

ಅವರು ಆ ಕಡೆ ಹೋದ ಮೇಲೆ ಹುಡುಗ ಚೀಟಿ ತೆಗೆದು ತಿರುಗಿಸಿ ನೋಡಿದ. “ಸಾರ್, ಇದನ್ನ ಯಾರು ಓದ್ತಾರ್ರೀ?”

“ಕೊಡು, ಓದಿ ಹೇಳ್ತೀನಿ” ಅಂದೆ. ದಾರಿಯಲ್ಲಿ ಬಿದ್ದಿದ್ದ ಏರ್ ಹೋಸು ಕಾಲಿಗೆ ತೊಡರಿತು ಅಂತ ಬರೆದಿದ್ದರು. ಒಂದು ಕಾಂಜಿ, ಅಂದರೆ ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಅಕ್ಷರ, ತಿಳಿಯದೆ ಫೋನಿನಲ್ಲಿ ಹುಡುಕುತ್ತಿದ್ದೆ. ತಲೆ ಎತ್ತಿ ನೋಡುವಷ್ಟರಲ್ಲಿ ಅವನು ಹೋಸನ್ನು ಸುರುಳಿ ಸುತ್ತಿ ಕೊಕ್ಕೆಗೆ ತೂಗುಹಾಕಿದ್ದ.